ಕೈಗೆಟಕುವಷ್ಟು ದೂರ: ವಿಸ್ಕಾನ್ಸಿನ್‌ನಲ್ಲಿ ಮಕ್ಕಳು ಬೇಟೆ ಕಲಿಯಬೇಕೆಂದರೆ ಏನೇನು ಮಾಡಬೇಕು

ನವೆಂಬರ್ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಜಿಂಕೆಯದೇ ಮಾತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗುವ ಒಂಬತ್ತು ದಿನದ ಬಂದೂಕು ಬೇಟೆಗೆ 5 ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ತಗೊಳ್ಳುತ್ತಾರೆ. ಅಜ್ಜ, ಅಪ್ಪ, ಮಗಳು, ಮೊಮ್ಮಗ ಎಲ್ಲರೂ ಹೊರಡುತ್ತಾರೆ. ಹಾಗಾಗಿ ಇಲ್ಲಿರುವ ಕನ್ನಡದ ಮನೆಗಳಲ್ಲೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ. ನಮ್ಮ ಮನೆಯಲ್ಲಿ ಬಂದಾಗ ಮಗನಿಗೆ 11 ವರ್ಷ. "ಅಮ್ಮಾ, ನನ್ನ ಫ್ರೆಂಡ್ ಇದ್ದಾನಲ್ಲ, ಅವನ ಅಜ್ಜ ನನ್ನನ್ನೂ ಕರ್ಕೊಂಡು ಹೋಗ್ತಾರಂತೆ, ಹೋಗ್ಲಾ?"

ನಾನು ಬೆಳೆದದ್ದು ಮಲೆನಾಡಿನಲ್ಲಿ. ಗದ್ದೆಗೆ ಬರುವ ಹಂದಿ ಹೆದರಿಸಲು ಅಟ್ಟದ ಮೇಲೆ ಒಂದು ಕೇಪಿನ ಕೋವಿ ಇತ್ತು, ಅದನ್ನು ಮುಟ್ಟಲು ಮಕ್ಕಳಿಗೆ ಬಿಡುತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಎಂದರೆ ಕದ್ದು ಮಾಡುವ ಕೆಲಸ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ, ನಿಜ, ಆದರೆ ಅದು ಕೋವಿಗೆ ಮಾತ್ರ, ಬೇಟೆಗಲ್ಲ. ಇಂಥ ಕಡೆಯಿಂದ ಬಂದವಳಿಗೆ 11ರ ಹುಡುಗ ಕಾನೂನು ಪ್ರಕಾರವೇ ಬೇಟೆಗೆ ಹೋಗಬಹುದು ಎನ್ನುವುದು ತಲೆಗೆ ಹೋಗಲೇ ಇಲ್ಲ. ಆಮೇಲೆ ಕೂತು ನಿಯಮಗಳನ್ನು ಓದಿದೆ. ಓದಿದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೋಗಿ ಎಂದೂ ಹೇಳುತ್ತಿಲ್ಲ, ಬೇಡ ಎಂದೂ ಹೇಳುತ್ತಿಲ್ಲ. ಹೋಗುವುದಾದರೆ ಸರಿಯಾಗಿ ಹೋಗಿ.

ಎಲ್ಲಕ್ಕಿಂತ ಮೊದಲು: ನಿಮ್ಮ ವೀಸಾ ಯಾವುದು?

ಇದನ್ನು ಇಲ್ಲಿನ ಅಮೆರಿಕನ್ ಗೆಳೆಯರು ಯಾರೂ ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಇದರ ಅಗತ್ಯವೇ ಬಿದ್ದಿರುವುದಿಲ್ಲ. ಎಚ್-1ಬಿ, ಎಚ್-4, ಎಫ್-1, ಬಿ-2 ಇಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕಾಗಲಿ, ಅದರ ತೋಟಾ ಆಗಲಿ ತಮ್ಮ ಬಳಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಸ್ವಂತದ್ದು ಆಗಬೇಕೆಂದೇನೂ ಇಲ್ಲ. ಬೇರೆಯವರ ಬಂದೂಕನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೂ ಸಿಕ್ಕಿಹಾಕಿಕೊಳ್ಳಬಹುದು. ಇದಕ್ಕೆ ಕೆಲವೇ ವಿನಾಯಿತಿಗಳಿವೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು.

ಹಾಗಾಗಿ ನಮಗೆ ಕ್ರಮ ತಿರುಗುಮುರುಗು. ಇಲ್ಲಿನವರು ಮೊದಲು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ನಾಲ್ಕು ಈಡು ಹೊಡೆಸಿ, ಮಗುವಿಗೆ ಇಷ್ಟವಾದರೆ ಆಮೇಲೆ ಲೈಸೆನ್ಸ್ ಕೊಳ್ಳುತ್ತಾರೆ. ಎಚ್-4 ಮೇಲಿರುವ ಮಗುವಿಗೆ ಹಾಗೆ ಮಾಡುವಂತಿಲ್ಲ. ಮೊದಲು ಲೈಸೆನ್ಸ್, ಆಮೇಲೆ ಬಂದೂಕು. ಗ್ರೀನ್ ಕಾರ್ಡ್ ಇರುವವರಿಗೆ, ಇಲ್ಲೇ ಹುಟ್ಟಿ ಅಮೆರಿಕನ್ ಪೌರರಾದ ಮಕ್ಕಳಿಗೆ ಈ ತೊಡಕು ಇಲ್ಲ. ಒಂದೇ ಮನೆಯಲ್ಲಿ ಮಗ ಪೌರ, ಅಪ್ಪ ಅಮ್ಮ ಎಚ್-1ಬಿ ಇರುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಲ್ವಾ? ಅಂಥ ಮನೆಯಲ್ಲಿ ಮಗನಿಗೆ ತೊಂದರೆ ಇರುವುದಿಲ್ಲ. "ಸ್ವಲ್ಪ ಹಿಡ್ಕೊಳ್ಳಿ" ಎಂದು ಯಾರಾದರೂ ಕೊಟ್ಟ ಬಂದೂಕು ಹಿಡಿದುಕೊಂಡ ಅಪ್ಪನಿಗೆ ತೊಂದರೆ. ಊರಿನಿಂದ ಬಂದ ತಾತ ಫೋಟೋಗೆಂದು ಹಿಡಿದು ನಿಂತರೂ ಅಷ್ಟೇ. ಸಣ್ಣ ಅನುಮಾನವಿದ್ದರೂ ನಿಮ್ಮ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿ. ವರ್ಷಗಟ್ಟಲೆ ಗ್ರೀನ್ ಕಾರ್ಡ್‌ಗೆ ಕಾದವರು ಒಂದು ಫೋಟೋಗೆ ಅದನ್ನು ಕಳೆದುಕೊಳ್ಳುವುದು ಬೇಡ.

ಕೋರ್ಸ್ ದಾರಿಯೋ, ಮೆಂಟರ್ ದಾರಿಯೋ?

ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಲೈಸೆನ್ಸ್ ಕೊಳ್ಳಬೇಕಾದರೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಎಲ್ಲರೂ ಡಿಎನ್‌ಆರ್ ಎನ್ನುತ್ತಾರೆ, ಇದನ್ನು ನಡೆಸುತ್ತದೆ. ಪಾಠ ಹೇಳುವವರು ಹೆಚ್ಚಿನಂಶ ಊರಿನ ಸ್ವಯಂಸೇವಕರು. ಶುಲ್ಕ 10 ಡಾಲರ್. ಪೂರ್ತಿ ಆನ್‌ಲೈನ್‌ನಲ್ಲಿ ಮುಗಿಸುವ ಕೋರ್ಸ್ 18 ದಾಟಿದವರಿಗೆ ಮಾತ್ರ. ಮಕ್ಕಳು ತರಗತಿಗೆ ಹೋಗಬೇಕು, ಇಲ್ಲವೇ ಆನ್‌ಲೈನ್ ಪಾಠ ಮುಗಿಸಿ ಕೈಯಾರೆ ಮಾಡಿ ಕಲಿಯುವ ಒಂದು ಫೀಲ್ಡ್ ಡೇಗೆ ಹೋಗಬೇಕು. ವೀಸಾ ತೊಡಕು ಇರುವ ಮಕ್ಕಳಾದರೆ ಅಲ್ಲಿ ನಿಜವಾದ ಬಂದೂಕು ಹಿಡಿಸುತ್ತಾರಾ, ಈಡು ಹೊಡೆಸುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಕೋರ್ಸ್ ಇನ್ನೂ ಮಾಡಿಲ್ಲ, ಒಂದು ಸಲ ಹೋಗಿ ನೋಡಬೇಕು ಎನ್ನುವವರಿಗೆ ಇರುವುದು ಮೆಂಟರ್, ಅಂದರೆ ಪಕ್ಕದಲ್ಲೇ ಇದ್ದು ಕಲಿಸುವ ದೊಡ್ಡವರ ಜತೆಗಿನ ಬೇಟೆ. 2009ರಲ್ಲಿ ಶುರುವಾದಾಗ ಕನಿಷ್ಠ 10 ವರ್ಷ ಆಗಿರಬೇಕು ಎಂದಿತ್ತು. 2017ರ ನವೆಂಬರ್‌ನಲ್ಲಿ ಆ ವಯಸ್ಸಿನ ಮಿತಿಯನ್ನೇ ತೆಗೆದರು. ಹಾಲುಗಲ್ಲದ ಮಕ್ಕಳ ಹೆಸರಿಗೂ ಲೈಸೆನ್ಸ್ ಕೊಂಡವರಿದ್ದಾರೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಆ ಮಿತಿ ಇದ್ದದ್ದೇ ಒಳ್ಳೆಯದಿತ್ತು. ಈಗ ಕಾನೂನು ವಯಸ್ಸು ಹೇಳುವುದಿಲ್ಲ, ಹಾಗಾಗಿ ನಾವೇ ನೋಡಬೇಕು. ಬಂದೂಕನ್ನು ಆಸರೆಯಿಲ್ಲದೆ ಎತ್ತಿ ಹಿಡಿಯುವ ಶಕ್ತಿ ಇದೆಯಾ? ಚಳಿಯಲ್ಲಿ ಎರಡು ಗಂಟೆ ಅಲ್ಲಾಡದೆ ಕೂರುತ್ತಾನಾ? "ನಿಲ್ಲು" ಎಂದರೆ ಆ ಕ್ಷಣವೇ ನಿಲ್ಲುತ್ತಾನಾ? ಮೂರನೆಯದಕ್ಕೆ ನಿಮ್ಮ ಉತ್ತರ ಅನುಮಾನವಾಗಿದ್ದರೆ ಇನ್ನೊಂದು ವರ್ಷ ಕಾಯಿರಿ.

ಮೆಂಟರ್ ಆಗಲು ಯಾರಿಗೆ ಅರ್ಹತೆ

ಇಲ್ಲಿಯೇ ಪೂರ್ತಿ ವಿಷಯ ಇರುವುದು, ಸ್ವಲ್ಪ ನಿಧಾನವಾಗಿ ಓದಿ. ಮೆಂಟರ್‌ಗೆ 18 ತುಂಬಿರಬೇಕು. ಅವರ ಹತ್ತಿರ ಆ ವರ್ಷದ ವಿಸ್ಕಾನ್ಸಿನ್ ಬೇಟೆ ಲೈಸೆನ್ಸ್ ಇರಬೇಕು. ಕೋರ್ಸ್ ಮುಗಿಸಿರಬೇಕು, ಇಲ್ಲವೇ ಕೋರ್ಸ್‌ನಿಂದ ವಿನಾಯಿತಿ ಇದ್ದವರಾಗಿರಬೇಕು. ಮಗುವಿನ ಅಪ್ಪ, ಅಮ್ಮ ಅಥವಾ ಪೋಷಕರೇ ಆಗಿರಬೇಕು, ಬೇರೆಯವರಾದರೆ ಅಪ್ಪ ಅಮ್ಮನ ಒಪ್ಪಿಗೆ ಪಡೆದಿರಬೇಕು. ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಕಲಿಸಬಹುದು. ತನ್ನ ಮೊಮ್ಮಗ ಮತ್ತು ನಿಮ್ಮ ಮಗ ಇಬ್ಬರೂ ಕೋರ್ಸ್ ಮಾಡದ ಮಕ್ಕಳಾಗಿದ್ದರೆ ಒಬ್ಬ ಅಜ್ಜ ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳುವ ಹಾಗಿಲ್ಲ. ನಮಗೆ ಆದದ್ದು ಇದೇ. ಅಜ್ಜ ಒಬ್ಬರೇ, ಮಕ್ಕಳು ಇಬ್ಬರು. ಕೊನೆಗೆ ಆ ಹುಡುಗನ ಸೋದರಮಾವ ಕೂಡ ಹೊರಟರು.

ಇನ್ನು ಮುಖ್ಯವಾದದ್ದು ದೂರ. ಮೆಂಟರ್ ಪೂರ್ತಿ ಹೊತ್ತು ಮಗುವಿನಿಂದ ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು. "ನಾನು ಇಲ್ಲೇ ಮುಂದಿನ ಮರದಲ್ಲಿದ್ದೀನಿ, ಕೂಗಿದರೆ ಕೇಳುತ್ತೆ" ಎಂದರೆ ಆಗುವುದಿಲ್ಲ. ಕೈ ಚಾಚಿದರೆ ಬಂದೂಕಿನ ನಳಿಗೆಯನ್ನು ಪಕ್ಕಕ್ಕೆ ತಳ್ಳುವ ಹಾಗಿರಬೇಕು. ಈ ನಿಯಮ ಇರುವುದೇ ಅದಕ್ಕೆ ಎಂದು ನನಗೆ ಅನಿಸುತ್ತದೆ. ಮಗು ಗಾಬರಿಯಲ್ಲಿ, ಖುಷಿಯಲ್ಲಿ, ಬಂದೂಕು ಹಿಡಿದುಕೊಂಡೇ ನಿಮ್ಮ ಕಡೆ ತಿರುಗುತ್ತದೆ. ಆಗ ಮಾತಿಗೆ ಸಮಯ ಇರುವುದಿಲ್ಲ, ಕೈಗೆ ಮಾತ್ರ ಇರುತ್ತದೆ.

ಮೊದಲು ಇಬ್ಬರ ನಡುವೆ ಒಂದೇ ಬಂದೂಕು ಇರಬೇಕಿತ್ತು. 2017ರಲ್ಲಿ ಅದನ್ನೂ ಸಡಿಲಿಸಿದರು, ಈಗ ಮೆಂಟರ್ ತನ್ನದನ್ನೂ ಒಯ್ಯಬಹುದು. ಆದರೂ ಮೊದಲ ವರ್ಷ ಒಂದೇ ಬಂದೂಕು ಒಯ್ಯುವವರ ಜತೆ ಕಳಿಸಿ. ತಾನೂ ಜಿಂಕೆ ಹುಡುಕುತ್ತಿರುವವರ ಕಣ್ಣು ಮಗುವಿನ ಮೇಲೆ ಅರ್ಧವೇ ಇರುತ್ತದೆ. ನಾನು ಆ ಸೋದರಮಾವನನ್ನು ಸಂಕೋಚವಿಲ್ಲದೆ ಕೇಳಿದೆ, ಅವರು ತಮ್ಮದನ್ನು ಮನೆಯಲ್ಲೇ ಬಿಟ್ಟರು.

ನಮ್ಮವರಿಗೆ ಇನ್ನೊಂದು ಮಾತು. 1973ಕ್ಕೆ ಮುಂಚೆ ಹುಟ್ಟಿದವರಿಗೆ ಕೋರ್ಸ್ ಕಡ್ಡಾಯವಲ್ಲ. ಅಂದರೆ ಜನ್ಮದಲ್ಲಿ ಬಂದೂಕು ಮುಟ್ಟದ 1970ರಲ್ಲಿ ಹುಟ್ಟಿದ ದೊಡ್ಡಪ್ಪ ಕೂಡ ಒಂದು ಲೈಸೆನ್ಸ್ ಕೊಂಡರೆ ಕಾಗದದ ಮೇಲೆ ಮೆಂಟರ್ ಆಗಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನೀವೇ ಕಲಿಸಬೇಕೆಂದಿದ್ದರೆ ಮೊದಲು ನೀವು ಕೋರ್ಸ್ ಮಾಡಿ, ಒಂದು ಸೀಸನ್ ಇನ್ನೊಬ್ಬರ ಜತೆ ಹೋಗಿ ಬನ್ನಿ.

ಲೈಸೆನ್ಸ್ ಕೊಳ್ಳುವುದು

ಇದು ಸುಲಭ. ಡಿಎನ್‌ಆರ್‌ನ ಗೋ ವೈಲ್ಡ್ ಜಾಲತಾಣದಲ್ಲಿ ಮಗುವಿನ ಹೆಸರಲ್ಲಿ ಖಾತೆ ತೆರೆಯಿರಿ. ಮೆಂಟರ್ ಇದ್ದರೂ ಮಗುವಿಗೆ ಬೇರೆಯೇ ಲೈಸೆನ್ಸ್ ಬೇಕು, ಯಾವ ಪ್ರಾಣಿಗೆ ಹೋಗುತ್ತೀರೋ ಅದರದ್ದೇ ಬೇಕು. ವಿಸ್ಕಾನ್ಸಿನ್‌ನಲ್ಲಿ 30 ದಿನ ಮನೆ ಮಾಡಿಕೊಂಡು ಇದ್ದವರಿಗೆ ನಿವಾಸಿಗಳ ದರ, ಹೊರ ರಾಜ್ಯದವರಿಗೆ ಜಾಸ್ತಿ. ಶಿಕಾಗೋದಿಂದ ಬಂದು ಹೋಗುವವರು ಇದನ್ನು ನೋಡಿಕೊಳ್ಳಿ. ಮಗುವಿಗೆ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಇಲ್ಲದಿದ್ದರೆ ಡಿಎನ್‌ಆರ್‌ಗೆ ಫೋನ್ ಮಾಡಿ ಕೇಳುವುದೇ ಒಳ್ಳೆಯದು. ಲೈಸೆನ್ಸ್ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಹಾಗಾಗಿ ಹೋದ ನವೆಂಬರ್‌ನಲ್ಲಿ ಕೊಂಡದ್ದು ಬೇಸಿಗೆಯಲ್ಲಿ ರೇಂಜಿಗೆ ಹೋಗುವ ಹೊತ್ತಿಗೆ ಮುಗಿದಿರುತ್ತದೆ. ವೀಸಾ ಮೇಲಿರುವವರು ಈ ತಾರೀಕನ್ನು ಮರೆಯುವಂತಿಲ್ಲ.

ಮೊದಲ ಸಲಕ್ಕೇ ಜಿಂಕೆ ಬೇಕೇ ಎಂದೂ ಯೋಚಿಸಿ. ಅಳಿಲು ಬೇಟೆ ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದೆ, ಚಳಿ ಕಡಿಮೆ, ಸಣ್ಣ ಬಂದೂಕು, ಅದರ ಒದೆತವೂ ಕಡಿಮೆ. ಜಿಂಕೆಯೇ ಆಗಬೇಕು ಎಂದರೆ 15 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆಂದೇ ಅಕ್ಟೋಬರ್ ಶುರುವಿನಲ್ಲಿ ಒಂದು ಶನಿವಾರ ಭಾನುವಾರ ಬಿಟ್ಟುಕೊಡುತ್ತಾರೆ. ಕಾಡಿನಲ್ಲಿ ನವೆಂಬರ್‌ನ ಗದ್ದಲ ಇರುವುದಿಲ್ಲ. ನಾವು ಅದನ್ನೇ ಆರಿಸಿಕೊಂಡೆವು.

ಹೊರಡುವ ಮುಂಚೆ ಮನೆಯಲ್ಲಿ

ಕೋರ್ಸ್‌ನಲ್ಲಿ ಟ್ಯಾಬ್-ಕೆ ಎಂದು ನಾಲ್ಕು ನಿಯಮ ಬಾಯಿಪಾಠ ಮಾಡಿಸುತ್ತಾರೆ. ನಾನು ಮಗನಿಗೆ ಕನ್ನಡದಲ್ಲೇ ಹೇಳಿಕೊಟ್ಟೆ. ಯಾವ ಬಂದೂಕಾದರೂ ಅದರಲ್ಲಿ ತೋಟಾ ಇದೆ ಎಂದೇ ತಿಳಿ. ನಳಿಗೆಯ ಬಾಯಿ ಯಾವಾಗಲೂ ಅಪಾಯವಿಲ್ಲದ ಕಡೆಗಿರಲಿ. ಯಾವುದಕ್ಕೆ ಗುರಿ ಇಡುತ್ತಿದ್ದೀಯ, ಅದರ ಹಿಂದೆ ಏನಿದೆ, ಎರಡೂ ಖಚಿತವಾಗಿ ಗೊತ್ತಿರಲಿ. ಹೊಡೆಯುವ ಗಳಿಗೆ ಬರುವ ತನಕ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಕೇಳಲು ಸುಮ್ನೆ ನಾಲ್ಕು ಸಾಲು. ಆದರೆ 1966ರಲ್ಲಿ ಈ ರಾಜ್ಯದಲ್ಲಿ 1 ಲಕ್ಷ ಬೇಟೆಗಾರರಿಗೆ 44 ಜನ ಗಾಯಗೊಳ್ಳುತ್ತಿದ್ದರು. ಮರುವರ್ಷ ಕೋರ್ಸ್ ಶುರುವಾಯಿತು. ಈಗ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಬಟ್ಟೆಗೂ ಕಾನೂನಿದೆ. ಬಂದೂಕಿನ ಜಿಂಕೆ ಬೇಟೆ ನಡೆಯುವ ದಿನಗಳಲ್ಲಿ ಸೊಂಟದಿಂದ ಮೇಲಿನ ಹೊರಬಟ್ಟೆಯಲ್ಲಿ ಕನಿಷ್ಠ ಅರ್ಧ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಬೇಕು. 2016ರಿಂದ ಅಷ್ಟೇ ಹೊಳೆಯುವ ಗುಲಾಬಿಯೂ ಆಗುತ್ತದೆ. ಟೋಪಿ ಹಾಕಿದರೆ ಅದಕ್ಕೂ ಇದೇ ಲೆಕ್ಕ. ಅರ್ಧ ಏಕೆ, ಮಕ್ಕಳಿಗೆ ಪೂರ್ತಿ ಹಾಕಿಸಿ.

ಹಿಂದಿನ ರಾತ್ರಿ ಮಗು ಕರೆದುಕೊಂಡು ಹೋಗುವವರ ಮನೆಯಲ್ಲೇ ಮಲಗುವುದಾದರೆ ಬಂದೂಕು ಎಲ್ಲಿ ಇಡುತ್ತೀರಿ, ಬೀಗ ಇದೆಯಾ, ತೋಟಾ ಬೇರೆ ಇದೆಯಾ ಎಂದು ಕೇಳಿ. 14ಕ್ಕಿಂತ ಚಿಕ್ಕ ಮಕ್ಕಳ ಕೈಗೆ ಸಿಗುವ ಹಾಗೆ ತೋಟಾ ತುಂಬಿದ ಬಂದೂಕು ಬಿಟ್ಟು, ಮಗು ಅದನ್ನು ತೆಗೆದು ಹಾರಿಸಿಬಿಟ್ಟರೆ ಇಟ್ಟವರ ಮೇಲೆ ಕೇಸ್ ಆಗುತ್ತದೆ. ನಾನು ಕೇಳಿದಾಗ ಅಜ್ಜ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಬೀಗ ಎಳೆದು ತೋರಿಸಿದರು.

ಕಾಡಿನಲ್ಲಿ

ನಮ್ಮ ಕಡೆ ಮರಸು ಕೂರುವುದು ಎನ್ನುತ್ತೇವಲ್ಲ, ಇಲ್ಲಿಯೂ ಹಾಗೇ ಮರಕ್ಕೆ ಕಟ್ಟಿದ ಅಟ್ಟಣಿಗೆಯಲ್ಲಿ ಕೂತು ಕಾಯುತ್ತಾರೆ. ಗುಂಡಿನಷ್ಟೇ ಭಯ ಪಡಬೇಕಾದದ್ದು ಇಲ್ಲಿಂದ ಬೀಳುವುದಕ್ಕೆ. ನೆಲ ಬಿಟ್ಟ ಗಳಿಗೆಯಿಂದ ಮತ್ತೆ ನೆಲ ಮುಟ್ಟುವ ತನಕ ಮೈಗೆ ಬೆಲ್ಟ್ ಕಟ್ಟಿರಬೇಕು. ಹತ್ತುವಾಗ ಬಂದೂಕು ಕೈಯಲ್ಲಿರಬಾರದು. ತೋಟಾ ತೆಗೆದು ಕೆಳಗಿಟ್ಟು, ಮೇಲೆ ಕೂತ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ನೋಡಲು ಹೋದ ಅಪ್ಪ ಅಮ್ಮನ ಕೈಗೆ "ಹಿಡ್ಕೊಳ್ಳಿ" ಎಂದು ಬಂದೂಕು ಬರುವುದು ಈ ಹೊತ್ತಿನಲ್ಲೇ. ವೀಸಾ ಮಾತು ನೆನಪಿರಲಿ. ಮೊದಲ ವರ್ಷದ ಮಕ್ಕಳಿಗೆ ನೆಲದ ಮೇಲೆ ಗೂಡಾರದಂಥ ಮರೆ ಹಾಕಿ ಕೂರಿಸುವುದೇ ಸರಿ. ಕೈಗೆಟಕುವ ನಿಯಮಕ್ಕೂ ಅದೇ ಅನುಕೂಲ.

ಜಿಂಕೆ ಬಿದ್ದರೆ, ಅದು ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ಆನ್‌ಲೈನ್‌ನಲ್ಲೋ ಫೋನಿನಲ್ಲೋ ನೋಂದಾಯಿಸಬೇಕು. ಸಿಡಬ್ಲ್ಯುಡಿ ಎಂಬ ಜಿಂಕೆ ರೋಗ 2002ರಲ್ಲಿ ಮ್ಯಾಡಿಸನ್ ಹತ್ತಿರದ ಮೌಂಟ್ ಹೊರೆಬ್ ಕಡೆ ಮೊದಲು ಸಿಕ್ಕಿ, ಈಗ ಬಹಳ ಕಡೆ ಹರಡಿದೆ. ಡಿಎನ್‌ಆರ್ ಪರೀಕ್ಷೆಗೆ ದುಡ್ಡು ತಗೊಳ್ಳುವುದಿಲ್ಲ, ಫಲಿತಾಂಶ ಬರುವ ತನಕ ತಿನ್ನಬೇಡಿ. ಮನೆಯಲ್ಲಿ ಮಾಂಸ ತಿನ್ನುವುದಿಲ್ಲವಾದರೆ ಸುಮ್ಮನೆ ಬಿಸಾಡುವುದಲ್ಲ. ಮಾಂಸ ಕತ್ತರಿಸಿಕೊಡುವ ಕೆಲವು ಅಂಗಡಿಗಳು ದಾನವಾಗಿ ತಗೊಂಡು, ಬಡವರಿಗೆ ದಿನಸಿ ಹಂಚುವ ಕೇಂದ್ರಗಳಿಗೆ ಕಳಿಸುತ್ತವೆ. ಆ ಪಟ್ಟಿ ಡಿಎನ್‌ಆರ್ ಜಾಲತಾಣದಲ್ಲಿದೆ.

ನಮ್ಮವನು ಆ ಎರಡು ದಿನದಲ್ಲಿ ಒಂದೇ ಒಂದು ಸಲ ಜಿಂಕೆ ನೋಡಿದ. ಅದು ದಿಬ್ಬದ ನೆತ್ತಿಯ ಮೇಲೆ ನಿಂತಿತ್ತು, ಹಿಂದೆ ಬರೀ ಆಕಾಶ. ಹಿಂದೆ ಏನಿದೆ ಕಾಣುತ್ತಿಲ್ಲ ಎಂದು ಅವನೇ ಬಂದೂಕು ಕೆಳಗಿಳಿಸಿದನಂತೆ. ಸೋದರಮಾವ ಫೋನ್ ಮಾಡಿ ನನಗೆ ಇದನ್ನು ಹೇಳುವಾಗ ಅವರ ದನಿ ಭಾರವಾಗಿತ್ತು. ಮರುವರ್ಷ ಅವನು ಕೋರ್ಸ್ ಮುಗಿಸಿದ. 12-13 ವರ್ಷದ, ಕೋರ್ಸ್ ಮುಗಿಸಿದ ಮಕ್ಕಳ ಜತೆ ಅಪ್ಪ ಅಮ್ಮನೋ ಅವರು ಒಪ್ಪಿದ ಇನ್ನೊಬ್ಬ ದೊಡ್ಡವರೋ ಕಣ್ಣಿಗೆ ಕಾಣುವ, ಫೋನ್ ಇಲ್ಲದೆ ಮಾತು ಕೇಳಿಸುವ ದೂರದಲ್ಲಿದ್ದರೆ ಸಾಕು. 14 ಆದ ಮೇಲೆ ಒಬ್ಬರೇ ಹೋಗಲು ಕಾನೂನಿನ ಅಡ್ಡಿಯಿಲ್ಲ. ನಮ್ಮ ಮನೆಯಲ್ಲಿ ಅದು 16 ಎಂದು ಮಾತಾಗಿದೆ, ಅವನೂ ಒಪ್ಪಿದ್ದಾನೆ.