ಅಚ್ಚು ಬಿಟ್ಟು ತಾನಾಗಿ ಎದ್ದ ವಜ್ರದ ಡೋಮ್: ನನ್ನ ಅನುಭವ

ಮಾಲಿಬ್ಡಿನಮ್ ಲೋಹದ ಅಚ್ಚಿನ ಮೇಲೆ ಗ್ಯಾಸಿನಿಂದ ವಜ್ರ ಬೆಳೆಸಿದರೆ ತಣ್ಣಗಾಗುವಾಗ ಒಡೆದೇ ಒಡೆಯುತ್ತದೆ ಎಂದು ನನಗೆ ಹೇಳದವರಿಲ್ಲ. ಸಿಲಿಕಾನ್ ಮೇಲೆ ಬೆಳೆಸು, ಆಮೇಲೆ ಆಸಿಡ್‌ನಲ್ಲಿ ಕರಗಿಸು, ಇರೋದು ಅದೊಂದೇ ದಾರಿ ಎಂದರು. ಜೊತೆಗೆ ಕೆಲಸ ಮಾಡುವ ಗೆಳೆಯನಂತೂ "ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ ಕಣೋ" ಎಂದು ಎಷ್ಟು ಸಲ ಹೇಳಿದನೋ. ಈಗ ನನ್ನ ಜೋಡಿ ಟ್ವೀಟರ್‌ಗಳಲ್ಲಿ (ಸ್ಪೀಕರ್‌ನಲ್ಲಿ ತೀಕ್ಷ್ಣ ಸ್ವರಗಳನ್ನು ಹೊರಡಿಸುವ ಭಾಗ) 26 ಮಿಲಿಮೀಟರ್‌ನ ಎರಡು ವಜ್ರದ ಡೋಮ್‌ಗಳು ಕೂತಿವೆ. ಎರಡೂ ಮಾಲಿಬ್ಡಿನಮ್ ಮೇಲೇ ಬೆಳೆದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಳಸಿದ್ದು ಹಾಟ್ ಫಿಲಮೆಂಟ್, ಅಂದರೆ ಕಾದ ತಂತಿಯಿಂದ ಗ್ಯಾಸನ್ನು ಒಡೆದು ಅದರ ಇಂಗಾಲವನ್ನು ಅಚ್ಚಿನ ಮೇಲೆ ವಜ್ರವಾಗಿ ಕೂರಿಸುವುದು. 1982ರಲ್ಲಿ ಜಪಾನಿನ ನಿರಿಮ್ ಎಂಬ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟ ಅದೇ ಹಳೇ ವಿಧಾನ. ತಂತಿಯ ಬದಲು ಮೈಕ್ರೋವೇವ್‌ನಿಂದ ಗ್ಯಾಸನ್ನು ಒಡೆಯುವ ಪ್ಲಾಸ್ಮಾ ವಿಧಾನ ಒಳ್ಳೆಯದೇ, ಆದರೆ ನನ್ನ ಕೈಗೆ ಎಟುಕುವಂಥದ್ದಲ್ಲ. ಹೈಡ್ರೋಜನ್‌ಗೆ ನೂರಕ್ಕೆ ಒಂದರಷ್ಟು ಮೀಥೇನ್, 30 ಟಾರ್ (ಹೊರಗಿನ ಗಾಳಿಯ ಒತ್ತಡದ ಇಪ್ಪತ್ತೈದರಲ್ಲಿ ಒಂದು ಪಾಲು) ಆಸುಪಾಸಿನ ಒತ್ತಡ, ತಂತಿ 2,100 ಡಿಗ್ರಿ, ಅಚ್ಚು 800 ಡಿಗ್ರಿ. ಗಂಟೆಗೆ ಮುಕ್ಕಾಲು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಬೆಳೆದರೆ ನನಗೆ ಖುಷಿ.

ಸಿಲಿಕಾನ್ ಬೇಡ ಎನ್ನಲು ಎರಡು ಕಾರಣ ಇದ್ದವು. ಪ್ರತಿ ಡೋಮ್‌ಗೂ ಹೊಸ ಅಚ್ಚು ಉಜ್ಜಬೇಕು, ಕೊನೆಗೆ ಅದನ್ನು ಕರಗಿಸಿ ಚೆಲ್ಲಬೇಕು. ಇನ್ನೊಂದು, ಅದನ್ನು ಕರಗಿಸಲು ಬೇಕಾದ ಹೈಡ್ರೋಫ್ಲೋರಿಕ್ ಆಸಿಡ್, ತೀರಾ ಅಪಾಯಕಾರಿ. ಅದನ್ನು ನನ್ನ ಶೆಡ್ಡಿನೊಳಗೆ ತರಲು ನಾನು ತಯಾರಿರಲಿಲ್ಲ, ಈಗಲೂ ತಯಾರಿಲ್ಲ.

ಮೊದಲ ಆರು ಪ್ರಯತ್ನ ತಂತಿಗೇ ಹೋದವು. ಟಂಗ್‌ಸ್ಟನ್ ತಂತಿ ಗ್ಯಾಸಿನ ಇಂಗಾಲ ಹೀರಿ ಕಾರ್ಬೈಡ್ ಆಗುವಾಗ ಉದ್ದವಾಗುತ್ತದೆ, ಜೋಲುತ್ತದೆ. ಒಂದು ಸಲ ಜೋತು ಅಚ್ಚಿಗೇ ತಗುಲಿ ಅಂಟಿಕೊಂಡಿತು. ಸ್ಪ್ರಿಂಗ್ ಹಾಕಿ ಎಳೆದು ಹಿಡಿದೆ. ಆಗ ಕಾರ್ಬೈಡ್ ಆದ ತಂತಿ ಬಳಪದಂತೆ ಪಟ್ಟಂತ ಮುರಿಯಿತು. ಕೊನೆಗೆ ಅಚ್ಚು ಇಡುವ ಮೊದಲೇ ಬರೀ ತಂತಿಯನ್ನು ಮೀಥೇನ್ ಜಾಸ್ತಿ ಕೊಟ್ಟು ಅರ್ಧ ಗಂಟೆ ಕಾಯಿಸಿ, ಉದ್ದ ಆಗುವುದೆಲ್ಲ ಆಗಲಿ ಎಂದು ಬಿಟ್ಟೆ. ಸ್ಪ್ರಿಂಗನ್ನೂ ತೀರಾ ಮೆದು ಮಾಡಿದೆ. ಆಮೇಲೆ ಟ್ಯಾಂಟಲಮ್ ಲೋಹದ ತಂತಿಗೆ ಬಂದೆ. ದುಬಾರಿ, ಆದರೆ ಒಂದೇ ತಂತಿ ಮೂರು ನಾಲ್ಕು ಸಲ ಬಾಳಿಕೆ ಬರುತ್ತದೆ.

ಮುಂದಿನ ತಲೆನೋವು ದಪ್ಪದ್ದು. ತಂತಿಗಳು ಸಾಲಾಗಿ ಮಟ್ಟಸವಾಗಿದ್ದರೆ ಡೋಮ್‌ನ ನೆತ್ತಿ ಅವುಗಳಿಗೆ ಹತ್ತಿರ, ಅಂಚು ದೂರ. ನೆತ್ತಿಯಲ್ಲಿ 60 ಮೈಕ್ರಾನ್ ಬೆಳೆದರೆ ಅಂಚಿನಲ್ಲಿ 25 ಬರುತ್ತಿತ್ತು. ಇಂಥ ಡೋಮ್ ಟ್ವೀಟರ್‌ಗೆ ಆಗುವುದಿಲ್ಲ. ತಂತಿಗಳನ್ನು ಅಚ್ಚಿನ ಮೇಲೆ ಬುಟ್ಟಿ ಕವುಚಿದ ಹಾಗೆ ಬಗ್ಗಿಸಿ, ಅಚ್ಚನ್ನು ನಿಧಾನವಾಗಿ ತಿರುಗಿಸಿದ ಮೇಲೆ ವ್ಯತ್ಯಾಸ ಐದಾರು ಮೈಕ್ರಾನ್‌ಗೆ ಇಳಿಯಿತು.

ಇಷ್ಟಾದರೂ ಅಚ್ಚಿನಿಂದ ಇಡಿಯಾದ ಡೋಮ್ ಒಂದೂ ಏಳಲಿಲ್ಲ. ಚೂರು ಚೂರು. ಗೆಳೆಯ ಹೇಳಿದ್ದೇ ನಿಜ ಎಂದು ನನಗೂ ಅನ್ನಿಸತೊಡಗಿತ್ತು.

ಹದಿನಾಲ್ಕನೇ ಪ್ರಯತ್ನ ಇರಬೇಕು. 41ನೇ ಗಂಟೆಯಲ್ಲಿ ಕರೆಂಟ್ ಹೋಯಿತು. ತಂತಿ ಆರಿತು, ಅಚ್ಚು ಒಂದೇ ಏಟಿಗೆ ತಣ್ಣಗಾಯಿತು. ಚೇಂಬರ್ ತೆಗೆದಾಗ ಎಲ್ಲ ಒಡೆದಿತ್ತು. ಬೇಜಾರಿನಲ್ಲಿ ಚೂರುಗಳನ್ನು ಎತ್ತಿ ಲೆನ್ಸ್ ಕೆಳಗೆ ಇಟ್ಟೆ. ನೆತ್ತಿಯ ಭಾಗ ಬೆರಳಿನ ಉಗುರಿನಷ್ಟು ಅಗಲಕ್ಕೆ ಒಂದೇ ತುಂಡಾಗಿ ಎದ್ದಿತ್ತು. ಒಳಮೈ ನುಣುಪು, ಒಂದು ಬಿರುಕೂ ಇಲ್ಲ. ಬಿರುಕುಗಳೆಲ್ಲ ಶುರುವಾಗಿದ್ದು ಅಂಚಿನಿಂದ. ಅಲ್ಲಿ ವಜ್ರ ಅಚ್ಚಿನ ಅಂಚು ದಾಟಿ, ಡಬ್ಬಿಯ ಮುಚ್ಚಳದಂತೆ ಕೆಳಕ್ಕೆ ಸುತ್ತಿಕೊಂಡು ಕೂತಿತ್ತು.

ಅಂದರೆ ತಪ್ಪು ಮಾಲಿಬ್ಡಿನಮ್‌ದಲ್ಲ! 800 ಡಿಗ್ರಿಯಿಂದ ಇಳಿಯುವಾಗ ಅದು ವಜ್ರಕ್ಕಿಂತ ಜಾಸ್ತಿ ಕುಗ್ಗುತ್ತದೆ. 26 ಮಿಲಿಮೀಟರ್ ಅಗಲಕ್ಕೆ 40-50 ಮೈಕ್ರಾನ್ ವ್ಯತ್ಯಾಸ ಬರುತ್ತದೆ. ಉಬ್ಬಿದ ಅಚ್ಚಿನ ಹೊರಮೈ ಮೇಲೆ ವಜ್ರ ಇದ್ದರೆ ಅಚ್ಚು ಒಳಗೊಳಗೇ ಕುಗ್ಗಿ ತಾನಾಗಿ ಕಳಚಿಕೊಳ್ಳುತ್ತದೆ. ಎಲ್ಲರೂ ಹೆದರಿಸುತ್ತಿದ್ದ ಆ ಕುಗ್ಗುವಿಕೆಯೇ ಡೋಮ್ ಬಿಡಿಸುವ ಕೆಲಸ ಮಾಡುತ್ತದೆ. ತಗ್ಗಿನ ಅಚ್ಚಿನೊಳಗೆ ಬೆಳೆಸಿದರೆ ಮಾತ್ರ ಅದು ವಜ್ರವನ್ನು ಹಿಂಡಿ ಒಡೆಯುತ್ತದೆ.

ಹಾಗಾಗಿ ಮೂರು ಬದಲಾವಣೆ ಮಾಡಿದೆ. ಅಚ್ಚನ್ನು ಕನ್ನಡಿಯಂತೆ ಪಾಲಿಶ್ ಮಾಡಿದೆ. ಮೊದಲು ಬೀಜ (ವಜ್ರ ಬೆಳೆಯಲು ಶುರುವಾಗುವ ಪುಟ್ಟ ವಜ್ರದ ಕಣ) ಚೆನ್ನಾಗಿ ಕಚ್ಚಲಿ ಎಂದು ಒರಟು ವಜ್ರದ ಪುಡಿಯಲ್ಲಿ ಗೀರುತ್ತಿದ್ದೆ, ವಜ್ರ ಆ ಗೀರುಗಳಿಗೆ ಬೇರು ಬಿಡುತ್ತಿತ್ತು. ಈಗ ಬರೀ ನ್ಯಾನೋ ವಜ್ರದ ಪುಡಿ, ಶಬ್ದದ ಕಂಪನದಿಂದ ಅಲುಗಾಡಿಸುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ. ಎರಡನೆಯದು, ಅಂಚಿಗೆ ಒಂದು ಉಂಗುರ ಕೂರಿಸಿ ವಜ್ರ ಕೆಳಗಿಳಿಯದಂತೆ ತಡೆದೆ. ಉಂಗುರ ಯಾವುದರಿಂದ ಮಾಡಿದೆ ಎಂದು ಸದ್ಯಕ್ಕೆ ಹೇಳುವುದಿಲ್ಲ. ಅದನ್ನು ಹುಡುಕಲು ಎಂಟು ತಿಂಗಳು ಹೋಗಿದೆ. ಮೂರನೆಯದು, ಮೊದಲು ಮೀಥೇನ್ ನಿಲ್ಲಿಸಿ, ಬರೀ ಹೈಡ್ರೋಜನ್‌ನಲ್ಲಿ ಮೂರು ಗಂಟೆ ಹಿಡಿದು ತಂತಿಯ ಕರೆಂಟ್ ಇಳಿಸುವುದು. ಎಲ್ಲಿ ನಿಲ್ಲಿಸಿ ಕಾಯಬೇಕು ಅನ್ನುವುದೂ ನನ್ನ ಹತ್ತಿರವೇ ಇರಲಿ.

ಹತ್ತೊಂಬತ್ತನೇ ಸಲ ಇಳಿಸುತ್ತಿರುವಾಗ ಕಿಟಕಿಯಲ್ಲಿ ನೋಡುತ್ತಿದ್ದೆ. ಬೂದು ಬಣ್ಣದ ಡೋಮ್ ಕೂದಲೆಳೆಯಷ್ಟು ಜರುಗಿತು. ಅಷ್ಟೇ. ಮಾರನೇ ದಿನ ಚಿಮಟದಲ್ಲಿ ಎತ್ತಿದರೆ ಮೊಟ್ಟೆಯ ಸಿಪ್ಪೆಯಂತೆ ಇಡಿಯಾಗಿ ಬಂತು. ಗೆಳೆಯನಿಗೆ ಫೋನ್ ಮಾಡಿ ಕರೆಸಿ ಅವನ ಅಂಗೈ ಮೇಲೆ ಇಟ್ಟೆ. ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಒಡೆದ ಚೂರುಗಳೂ ದಂಡವಾಗಲಿಲ್ಲ. ಒಂದನ್ನು ಬೆರಳಲ್ಲಿ ಹಿಡಿದು ಐಸ್ ತುಂಡಿನ ಮೇಲೆ ಒತ್ತಿ ನೋಡಿ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯುತ್ತದೆ, ಬೆರಳು ಮಾತ್ರ ತಕ್ಷಣ ಮರಗಟ್ಟುತ್ತದೆ. ಮೈಯ ಬಿಸಿಯನ್ನು ವಜ್ರ ಅಷ್ಟು ಬೇಗ ದಾಟಿಸುತ್ತದೆ. ಮಧ್ಯೆ ಅಸಿಟಿಲಿನ್ ಟಾರ್ಚ್ ಜ್ವಾಲೆಯಲ್ಲೂ ಪ್ರಯತ್ನಿಸಿದೆ, 1988ರಲ್ಲಿ ಜಪಾನಿನ ಹಿರೋಸೆ ಮಾಡಿದ್ದ ಹಾಗೆ. ವಜ್ರ ಬಂತು, ವೇಗವಾಗಿಯೇ ಬಂತು. ಆದರೆ ಕಡಲೆಯಷ್ಟು ಜಾಗದಲ್ಲಿ ಮಾತ್ರ, ಅದೂ ಉಬ್ಬುತಗ್ಗು. ಡೋಮ್‌ಗೆ ಆಗುವ ಮಾತಲ್ಲ. ಎರಡು ಸಿಲಿಂಡರ್ ಖಾಲಿಯಾದ ಮೇಲೆ ಬಿಟ್ಟೆ.

ಡೋಮನ್ನು ಅಲುಗಾಡಿಸುವ ತಂತಿಯ ಸುರುಳಿ, ಅಂದರೆ ಕಾಯಿಲ್ ಅಂಟಿಸುವಾಗ ಇನ್ನೊಂದು ಪೆಟ್ಟು ತಿಂದೆ. ಮೊದಲ ಡೋಮ್ ಹತ್ತೇ ನಿಮಿಷದಲ್ಲಿ ಕಾಯಿಲ್‌ನಿಂದ ಕಳಚಿತು. ಹೈಡ್ರೋಜನ್‌ನಲ್ಲಿ ಬೆಳೆದ ಮೈ ಎಪಾಕ್ಸಿ ಅಂಟನ್ನು ಹಿಡಿಯುವುದಿಲ್ಲ. ಒಂದು ಹನಿ ನೀರು ಬಿಟ್ಟರೆ ಗುಂಡಗೆ ಕೂರುತ್ತದೆ. ಆಮ್ಲಜನಕದ ಪ್ಲಾಸ್ಮಾದಲ್ಲಿ ಎರಡು ನಿಮಿಷ ಇಟ್ಟ ಮೇಲೆ ಅದೇ ಹನಿ ಚಪ್ಪಟೆಯಾಗಿ ಹರಡಿತು. ಈಗ ಆ ಹನಿ ಹರಡುವುದನ್ನು ನೋಡದೆ ನಾನು ಅಂಟು ಮುಟ್ಟುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಖರ್ಚಿನಲ್ಲಿ ಅರ್ಧ ವ್ಯಾಕ್ಯೂಮ್ ಪಂಪಿಗೇ ಹೋಯಿತು, ಅದೂ ಸೆಕೆಂಡ್ ಹ್ಯಾಂಡ್. ಒಂದು ಡೋಮ್‌ಗೆ 60ರಿಂದ 70 ಗಂಟೆ, ಹತ್ತಿರ ಹತ್ತಿರ 180 ಯೂನಿಟ್ ಕರೆಂಟ್. ಲೇಸರ್‌ನಲ್ಲಿ ಅಂಚು ಕತ್ತರಿಸಲು ಹೊರಗೆ ಕೊಡಬೇಕು. ಮೊದಲು ಕೊಟ್ಟ ಕಡೆ ಎರಡು ಒಳ್ಳೆಯ ಡೋಮ್ ಒಡೆದುಹಾಕಿದರು, ಕೂಲಿಯನ್ನೂ ಇಸಿದುಕೊಂಡರು. ಮೂರು ವರ್ಷಕ್ಕೆ ಸುರಿದ ಒಟ್ಟು ದುಡ್ಡಿಗೆ ಕಂಪನಿಯ ವಜ್ರದ ಟ್ವೀಟರ್ ಎರಡು ಜೋಡಿ ಬರುತ್ತಿತ್ತು. ಆದರೆ ಅಚ್ಚು ಹಾಗೇ ಇದೆ, ಮುಂದಿನದಕ್ಕೆ ಬರೀ ಗ್ಯಾಸು, ತಂತಿ, ಕರೆಂಟು.

ಎರಡೂ ಡೋಮ್ 45 ಮೈಕ್ರಾನ್ ಆಸುಪಾಸು. ತೂಕ ಒಂದು 91 ಮಿಲಿಗ್ರಾಂ, ಇನ್ನೊಂದು 94. ಅದೇ ಅಗಲದ, ಇದಕ್ಕಿಂತ ತೆಳುವಾದ ಅಲ್ಯೂಮಿನಿಯಂ ಡೋಮ್ 40 ಮಿಲಿಗ್ರಾಂ ಆಸುಪಾಸು ಇರುತ್ತದೆ. ವಜ್ರ ಹಗುರ ಎಂದು ತಿಳಿದವರು ಇದನ್ನು ಗಮನಿಸಬೇಕು. ನನಗೆ ಸೆನ್ಸಿಟಿವಿಟಿ (ಅದೇ ಕರೆಂಟಿಗೆ ಬರುವ ಸದ್ದು) ಒಂದೂವರೆ ಡೆಸಿಬಲ್‌ನಷ್ಟು ಬಿತ್ತು, ಸ್ವರಗಳನ್ನು ಸ್ಪೀಕರ್‌ಗಳಿಗೆ ಹಂಚುವ ಕ್ರಾಸ್‌ಓವರ್ ಮತ್ತೆ ಮಾಡಬೇಕಾಯಿತು. ಒಂದು ಮಧ್ಯಾಹ್ನದ ಮಟ್ಟಿಗೆ ಕಂಪನ ಅಳೆಯುವ ಲೇಸರ್ ವೈಬ್ರೋಮೀಟರ್ ಸಿಕ್ಕಿತ್ತು. ಅದರಲ್ಲಿ ಮೊದಲ ಬ್ರೇಕಪ್ (ಡೋಮ್ ಒಟ್ಟಾಗಿ ಚಲಿಸದೆ ತನ್ನಲ್ಲೇ ಬಾಗಿ ಕಂಪಿಸಲು ಶುರುವಾಗುವ ಜಾಗ) 62 ಕಿಲೋಹರ್ಟ್ಜ್ ಹತ್ತಿರ ಕಂಡಿತು. ನನ್ನ ಹಳೇ ಅಲ್ಯೂಮಿನಿಯಂದು 28ಕ್ಕೇ ನಡುಗುತ್ತಿತ್ತು.

ಈಗ ಅದೇ ಉಂಗುರದಲ್ಲಿ 35 ಮೈಕ್ರಾನ್ ಪ್ರಯತ್ನಿಸುತ್ತಿದ್ದೇನೆ. ಎರಡು ಬಂದಿವೆ. ಒಂದರ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತಿದೆ, ಇನ್ನೊಂದು ಪೂರ್ತಿ ಚೊಕ್ಕ. ಅದಕ್ಕೆ ಜೋಡಿ ಬೇಕು.