ಮನೆಯಲ್ಲೊಂದು ಕಚೇರಿ: ಮೇಜಿಗೆ ಮೊದಲು ಕಿಟಕಿ

ಮನೆಯಲ್ಲೇ ಕುಳಿತು ಕೆಲಸ ಮಾಡುವುದೆಂದು ತೀರ್ಮಾನಿಸಿದವರು ಸಾಮಾನ್ಯವಾಗಿ ಮೊದಲು ಮೇಜು ಕೊಳ್ಳುತ್ತಾರೆ, ಆಮೇಲೆ ಅದನ್ನು ಎಲ್ಲಿಡುವುದೆಂದು ಜಾಗ ಹುಡುಕುತ್ತಾರೆ. 2020ರಲ್ಲಿ ನಾನು ಮಾಡಿದ್ದೂ ಅದನ್ನೇ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಮಹಡಿಯ ಪಡುವಣ ಕೋಣೆ ಖಾಲಿಯಿತ್ತು ಎಂಬ ಒಂದೇ ಕಾರಣಕ್ಕೆ ಅಲ್ಲಿ ಕಚೇರಿ ಹೂಡಿದೆ. ಮರುವರ್ಷದ ಮಾರ್ಚ್ ಬಂದಾಗ ಮಧ್ಯಾಹ್ನ ಮೂರರ ಬಿಸಿಲು ಕಂಪ್ಯೂಟರಿನ ಪರದೆಯ ಮೇಲೆ ಬಿದ್ದು ಅಕ್ಷರ ಕಾಣದಾಯಿತು, ಫ್ಯಾನು ಬಿಸಿಗಾಳಿಯನ್ನೇ ಬೀಸತೊಡಗಿತು. ಆಗ ತಿಳಿದದ್ದು ಇಷ್ಟು: ಕಚೇರಿಗೆ ಬೇಕಾದ ಮೊದಲ ಸಾಮಾನು ಅಂಗಡಿಯಲ್ಲಿಲ್ಲ, ಮನೆಯ ಗೋಡೆಯಲ್ಲೇ ಇದೆ. ಅದು ಕಿಟಕಿ.

ಮೈಸೂರು ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿ ಉತ್ತರಕ್ಕಿದೆ. ಆದ್ದರಿಂದ ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೂ, ವರ್ಷದ ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ಇರುತ್ತಾನೆ. ಡಿಸೆಂಬರಿನಲ್ಲಂತೂ ನಡುಹಗಲಿನಲ್ಲೂ ಅವನ ಎತ್ತರ 54 ಡಿಗ್ರಿ ಮಾತ್ರ. ದಕ್ಷಿಣದ ಕಿಟಕಿಗೆ ಸಜ್ಜಾ ಚಿಕ್ಕದಾಗಿದ್ದರೆ ಆ ತಿಂಗಳಲ್ಲಿ ಬಿಸಿಲು ಅದರಡಿಯಿಂದ ನುಸುಳಿ ಮೇಜಿನವರೆಗೂ ಬರುತ್ತದೆ. ಪೂರ್ವದ ಕಿಟಕಿ ಬೆಳಿಗ್ಗೆ ಹತ್ತರವರೆಗೆ ಕಣ್ಣು ಕುಕ್ಕಿ ಅನಂತರ ಸುಮ್ಮನಾಗುತ್ತದೆ. ಪಶ್ಚಿಮದ್ದು ಸಂಜೆಯವರೆಗೂ ಬಿಡದು. ಅಲ್ಲಿನ ಗೋಡೆ ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಹತ್ತರ ತನಕ ಒಳಗೆ ಕಾರುತ್ತಿರುತ್ತದೆ. ಉತ್ತರದ ಕಿಟಕಿಗೆ ಬೇಸಿಗೆ ಮತ್ತು ಮಳೆಗಾಲದ ಕೆಲವು ತಿಂಗಳು ಬೆಳಿಗ್ಗೆ ಸಂಜೆ ಓರೆ ಬಿಸಿಲು ಬೀಳುವುದನ್ನು ಬಿಟ್ಟರೆ, ವರ್ಷದುದ್ದಕ್ಕೂ ಬರುವುದು ಆಕಾಶದ ತಣ್ಣನೆಯ ಬೆಳಕು ಮಾತ್ರ. ಕಣ್ಣಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ.

ಹಾಗೆಂದು ಕಿಟಕಿಗೆ ಮುಖ ಮಾಡಿ ಕುಳಿತುಕೊಳ್ಳಬಾರದು, ಬೆನ್ನನ್ನೂ ಕೊಡಬಾರದು. ಎದುರಿಗೆ ಕಿಟಕಿಯಿದ್ದರೆ ಹೊಳೆಯುವ ಆಕಾಶ ಮತ್ತು ಮಂಕಾದ ಪರದೆಗಳ ನಡುವೆ ಕಣ್ಣು ದಣಿಯುತ್ತದೆ. ಹಿಂದೆ ಇದ್ದರೆ ಕಿಟಕಿಯ ಬಿಂಬ ಪರದೆಯೊಳಗೆ ಕೂರುತ್ತದೆ, ವಿಡಿಯೊ ಸಭೆಯಲ್ಲಿ ನಿಮ್ಮ ಮುಖ ಕಪ್ಪು ನೆರಳಾಗಿ ಕಾಣುತ್ತದೆ. ಕಿಟಕಿ ಪಕ್ಕದಲ್ಲಿರಬೇಕು. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆ ಇದ್ದರೆ ಕೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ. ಈಗ ಲೆಕ್ಕ ಹಾಕಿ ನೋಡಿ: ಉತ್ತರದ ಕಿಟಕಿಯನ್ನು ಎಡಕ್ಕಿಟ್ಟುಕೊಂಡವರು ತಾವಾಗಿಯೇ ಪೂರ್ವಕ್ಕೆ ಮುಖ ಮಾಡಿ ಕುಳಿತಿರುತ್ತಾರೆ. ನಾನು ಮೇಜನ್ನು ತಿರುಗಿಸಿದ್ದು ಬೆಳಕಿಗಾಗಿ; ವಾಸ್ತು ನೋಡಿ ತಿರುಗಿಸಿದೆನೆಂದು ನಮ್ಮತ್ತೆ ಇಂದಿಗೂ ಸಂತೋಷಪಡುತ್ತಿದ್ದಾರೆ, ನಾನು ತಿದ್ದಲು ಹೋಗಿಲ್ಲ. ಎಡಗೈಯವರು ಇದನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಂಡರೆ ಸರಿ.

ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗಳಲ್ಲಿ ಇಷ್ಟೆಲ್ಲ ಆಯ್ಕೆ ಇರುವುದಿಲ್ಲವೆಂಬುದು ನಿಜ. ಉತ್ತರಕ್ಕೆ ಪಕ್ಕದ ಮನೆಯ ಗೋಡೆ ಮೂರಡಿ ದೂರದಲ್ಲಿ ನಿಂತಿರಬಹುದು. ಅದಕ್ಕೆ ಬಿಳಿ ಬಣ್ಣವಿದ್ದರೆ ಅದೂ ಸಾಕಷ್ಟು ಬೆಳಕನ್ನು ಎರಚುತ್ತದೆ. ಪಡುವಣ ಕೋಣೆಯೇ ಗತಿ ಎನ್ನುವವರು ಬಿದಿರಿನ ತಟ್ಟಿಯನ್ನು ಕಿಟಕಿಯ ಹೊರಗಡೆ, ಸಜ್ಜಾದಿಂದ ಇಳಿಬಿಡಬೇಕು. ಒಳಗಿನ ಪರದೆ ಬೆಳಕನ್ನು ತಡೆಯುತ್ತದೆಯೇ ಹೊರತು ಶಾಖವನ್ನಲ್ಲ. ಗಾಜು ದಾಟಿ ಬಂದ ಬಿಸಿಲು ಬಟ್ಟೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ನಮ್ಮ ಬಂಬೂ ಬಜಾರಿನಲ್ಲಿ ಕಿಟಕಿಯ ಅಳತೆ ಕೊಟ್ಟರೆ ತಟ್ಟಿ ಹೆಣೆದು ಕೊಡುತ್ತಾರೆ. ತಾರಸಿಯ ಮೇಲೆ ಶೀಟು ಹೊದಿಸಿದ ಕೋಣೆಯನ್ನು ಮಾತ್ರ ಕಚೇರಿಗೆಂದು ಯೋಚಿಸಲೂ ಬೇಡಿ. ಬೇಸಿಗೆಯಲ್ಲಿ ಅದು ಒಲೆ, ಮಳೆ ಬಂದಾಗ ತಮಟೆ.

ಜಾಗ ಗೊತ್ತಾದ ಮೇಲೂ ಕೂಡಲೇ ಮೇಜು ಮಾಡಿಸದೆ, ಊಟದ ಮೇಜನ್ನೋ ಹಳೆಯ ಟೀಪಾಯಿಯನ್ನೋ ಅಲ್ಲಿಟ್ಟು ಹದಿನೈದು ದಿನ ಕೆಲಸ ಮಾಡಿ ನೋಡುವುದು ಒಳ್ಳೆಯದು. ಕುಕ್ಕರಿನ ಸೀಟಿ ಅಲ್ಲಿಗೆ ಎಷ್ಟು ಕೇಳಿಸುತ್ತದೆ, ಕಸದ ಗಾಡಿ ಯಾವ ಹೊತ್ತಿಗೆ ಬರುತ್ತದೆ, ಮನೆಯವರು ಬಟ್ಟೆ ಒಣಗಿಸಲು ಆ ಕೋಣೆಯನ್ನು ದಾಟಿಯೇ ಹೋಗಬೇಕೇ ಎಂಬುದೆಲ್ಲ ಆಗ ತಿಳಿಯುತ್ತದೆ.

ಹಣವನ್ನು ಧಾರಾಳವಾಗಿ ಖರ್ಚು ಮಾಡಬೇಕಾದದ್ದು ಕುರ್ಚಿಗೆ. ಮೇಜನ್ನು ಬಡಗಿ ಮಾಡಿಕೊಡಬಲ್ಲ, ಎತ್ತರ ತಗ್ಗಿಸುವ, ಸೊಂಟಕ್ಕೆ ಒತ್ತುಕೊಡುವ ಕುರ್ಚಿಯನ್ನು ಮಾಡಿಕೊಡಲಾರ. ಅಂತರ್ಜಾಲದಲ್ಲಿ ಚಿತ್ರ ನೋಡಿ ಕುರ್ಚಿ ಕೊಳ್ಳುವುದೆಂದರೆ ಪಾದ ತೋರಿಸದೆ ಚಪ್ಪಲಿ ಕೊಂಡಂತೆ. ಅಂಗಡಿಗೆ ಹೋಗಿ, ಕನಿಷ್ಠ ಹತ್ತು ನಿಮಿಷ ಅದರಲ್ಲಿ ಕುಳಿತು ಪರೀಕ್ಷಿಸಬೇಕು. ಪಾದಗಳು ನೆಲಕ್ಕೆ ಪೂರ್ತಿ ಊರಿದಾಗ ತೊಡೆ ನೆಲಕ್ಕೆ ಸಮಾನಾಂತರವಾಗಿರಬೇಕು. ಬೆನ್ನು ಒರಗಿಸಿ ಕುಳಿತಾಗ ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಆಸನ ನಿಮಗೆ ಉದ್ದವಾಯಿತು, ಕಾಲು ಜೋಮು ಹಿಡಿಯುತ್ತದೆ. ಬೆನ್ನಿನ ದಿಂಬು ಸೊಂಟದ ಒಳಬಾಗಿಗೆ ತಾಗಬೇಕು. ಕೈಯಾಸರೆ ಇದ್ದರೆ ಅದು ಮೇಜಿನ ಕೆಳಗೆ ತೂರುವಷ್ಟು ತಗ್ಗಬೇಕು, ಇಲ್ಲದಿದ್ದರೆ ನೀವು ಕೀಲಿಮಣೆಯಿಂದ ದೂರವೇ ಉಳಿಯುತ್ತೀರಿ. ನಮ್ಮ ಹವೆಗೆ ಜಾಲರಿ ಬೆನ್ನಿನ ಕುರ್ಚಿ ಸರಿ. ರೆಕ್ಸಿನ್ನಿನ ಕುರ್ಚಿ ನೋಡಲು ಠೀವಿಯಾಗಿದ್ದರೂ ಏಪ್ರಿಲ್‌ನಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ. ಬೆತ್ತದ ಕುರ್ಚಿ ಓದುವುದಕ್ಕೆ ಚೆಂದ, ಟೈಪಿಸುವುದಕ್ಕಲ್ಲ.

ಮೇಜಿನ ವಿಷಯದಲ್ಲಿ ನನ್ನ ಅನುಭವ ಕಹಿಯಾದದ್ದು. ಮೊದಲು ತರಿಸಿದ ಮೇಜು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದು. ಒಂದು ಸಂಜೆ ತೆರೆದ ಕಿಟಕಿಯಿಂದ ಇರಚಲು ಹೊಡೆದು ಅದರ ಮೂಲೆ ನೆನೆಯಿತು. ನೆನೆದ ಜಾಗ ಇಡ್ಲಿಯಂತೆ ಉಬ್ಬಿ, ಒಣಗಿದ ಮೇಲೂ ತಗ್ಗಲಿಲ್ಲ, ಆ ಕಡೆಯ ತಿರುಪು ಹಿಡಿತ ಕಳೆದುಕೊಂಡಿತು. ಅದಕ್ಕೆ ಕೊಟ್ಟ ಹಣಕ್ಕೆ ಇನ್ನಷ್ಟು ಸೇರಿಸಿದರೆ ಬಡಗಿಯೇ ನಿಮ್ಮ ಮೈಯಳತೆಗೆ ತಕ್ಕಂತೆ ಮೇಜು ಮಾಡಿಕೊಡುತ್ತಾನೆ. ಪ್ಲೈವುಡ್ಡಿನಲ್ಲಿ ಐಎಸ್ 303 ಎಂಬ ಭಾರತೀಯ ಮಾನಕದ ಎಂಆರ್ ದರ್ಜೆ ತೇವಕ್ಕೆ ಮಾತ್ರ, ಬಿಡಬ್ಲ್ಯೂಆರ್ ದರ್ಜೆ ಕುದಿನೀರಿಗೂ ತಡೆಯುವಂಥದ್ದು. ಹಾಳೆಯ ಮೇಲಿನ ಮುದ್ರೆ ನೋಡಿ ಎರಡನೆಯದನ್ನೇ, 19 ಮಿಲಿಮೀಟರ್ ದಪ್ಪದಲ್ಲಿ ಕೊಳ್ಳಬೇಕು. ಎಂಟಡಿ–ನಾಲ್ಕಡಿಯ ಒಂದು ಹಾಳೆಯಲ್ಲಿ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಮೇಜಿನ ಹಲಗೆ ತೆಗೆದು, ಮಿಕ್ಕದ್ದರಲ್ಲಿ ಪಕ್ಕದ ಹಲಗೆಗಳನ್ನೂ ಒಂದೆರಡು ಅಡ್ಡ ಹಲಗೆಗಳನ್ನೂ ಎಬ್ಬಿಸಬಹುದು. ನಾಲ್ಕಡಿಯ ನಡುವೆ ಹಲಗೆ ಬಾಗದಂತೆ ಹಿಂದುಗಡೆ ಒಂದು ಪಟ್ಟಿ ಕೊಡಿಸಿ.

ಮೇಜಿನ ಎತ್ತರವನ್ನು ಬಡಗಿಯ ವಾಡಿಕೆಗೆ ಬಿಟ್ಟರೆ ಅವನು 30 ಅಂಗುಲ ಹಿಡಿಯುತ್ತಾನೆ. ಅದು ಎತ್ತರದ ಆಳಿಗೆ ಸರಿಯಾದ ಅಳತೆ. ಕುರ್ಚಿಯಲ್ಲಿ ಪಾದವೂರಿ ಕುಳಿತು, ಭುಜ ಸಡಿಲಬಿಟ್ಟು, ಮೊಣಕೈಯನ್ನು ಮಡಿಸಿದಾಗ ನೆಲದಿಂದ ಮೊಣಕೈಗೆ ಎಷ್ಟು ಎತ್ತರವೋ ಅಷ್ಟೇ ಮೇಜಿನ ಎತ್ತರ. ಐದು ಅಡಿ ಮೂರು ಅಂಗುಲದ ನನಗೆ ಅದು 26 ಅಂಗುಲಕ್ಕೆ ಬಂತು. ಬಡಗಿ ಮೂರು ಸಲ ಕೇಳಿದ, ‘ಮಕ್ಕಳಿಗಾ ಮೇಡಂ?’ ಎಂದು. ಮುಂದಿನ ಅಂಚನ್ನು ದುಂಡಗೆ ಮಾಡಿಸಿ ತೇಗದ ಪಟ್ಟಿ ಹೊಡೆಸುವುದು ಶೋಕಿಯಲ್ಲ; ಮುಂಗೈ ಇಡೀ ದಿನ ಒರಗುವುದು ಅಲ್ಲಿಯೇ. ಮೇಲ್ಮೈಗೆ ಹೊಳಪಿಲ್ಲದ ಲ್ಯಾಮಿನೇಟ್ ಇರಲಿ, ಹೊಳೆಯುವುದು ದೀಪವನ್ನೆಲ್ಲ ಕಣ್ಣಿಗೆ ಹಿಂದಿರುಗಿಸುತ್ತದೆ.

ಪರದೆ ಒಂದು ತೋಳಿನಳತೆ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು. ಬೈಫೋಕಲ್ ಕನ್ನಡಕದವರು ಇನ್ನೂ ತಗ್ಗಿಸಬೇಕು, ಇಲ್ಲದಿದ್ದರೆ ಕೆಳಗಾಜಿನಲ್ಲಿ ಓದಲು ದಿನವಿಡೀ ಗಲ್ಲ ಎತ್ತಿಕೊಂಡೇ ಇರಬೇಕಾಗುತ್ತದೆ. ಲ್ಯಾಪ್‌ಟಾಪನ್ನು ಹಾಗೆಯೇ ಮೇಜಿನ ಮೇಲಿಟ್ಟರೆ ಕುತ್ತಿಗೆ ಬಾಗುತ್ತದೆ. ಹಳೆಯ ದಪ್ಪ ಪುಸ್ತಕಗಳ ಮೇಲೆ ಅದನ್ನೇರಿಸಿ, ಬೇರೆ ಕೀಲಿಮಣೆ ಮತ್ತು ಮೌಸ್ ಜೋಡಿಸಿಕೊಂಡರೆ ಅಷ್ಟೇ ಸಾಕು.

ಸಂಜೆಯ ಬೆಳಕಿಗೆ ಚಾವಣಿಯ ದೀಪವೊಂದೇ ಸಾಲದು, ನಿಮ್ಮದೇ ತಲೆಯ ನೆರಳು ಕಾಗದದ ಮೇಲೆ ಬೀಳುತ್ತದೆ. ಎಡಗಡೆಗೊಂದು ಬಾಗುವ ಮೇಜುದೀಪವಿರಲಿ, 9 ವ್ಯಾಟಿನ ಎಲ್ಇಡಿ ಧಾರಾಳ. ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ. ಅಂಗಡಿಯವರು ಕೇಳದೆಯೇ ಕೊಡುವುದು 6500 ಕೆಲ್ವಿನ್ನಿನ ನೀಲಿಛಾಯೆಯ ಬಲ್ಬು. ಅಷ್ಟು ನೀಲಿಯಲ್ಲದ 4000ದ್ದು ಬೇಕೆಂದು ಬಾಯಿಬಿಟ್ಟು ಕೇಳಬೇಕು.

ವಿದ್ಯುತ್ತಿನ ಕೆಲಸವನ್ನು ಮೇಜು ಬರುವ ಮುನ್ನವೇ ಮುಗಿಸಬೇಕು. ಪ್ಲಗ್ಗುಗಳು ಮೇಜಿನ ಹಲಗೆಯಿಂದ ಆರು ಅಂಗುಲ ಮೇಲೆ ಬರಲಿ, ಮೇಜಿನಡಿ ತೆವಳುವ ವಯಸ್ಸು ಎಲ್ಲರಿಗೂ ದಾಟುತ್ತದೆ. ಕಂಪ್ಯೂಟರಿಗೆ 6 ಆಂಪಿಯರಿನ ನಾಲ್ಕೈದು ಪ್ಲಗ್ಗು ಸಾಕು. ಎಸಿ ಹಾಕಿಸುವ ಯೋಚನೆಯಿದ್ದರೆ ಅದಕ್ಕೆ 16 ಆಂಪಿಯರಿನ ಬೇರೆ ತಂತಿಯೇ ಬೇಕು. ಹಳೆಯ ಮನೆಗಳಲ್ಲಿ ಮೂರು ಕಣ್ಣಿನ ಪ್ಲಗ್ಗಿದ್ದರೂ ಮೂರನೆಯ ಕಣ್ಣಿಗೆ ಅರ್ಥಿಂಗ್ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ಮೊದಲು ಪರೀಕ್ಷೆ ಮಾಡಿಸಿ.

ನಿರ್ವಹಣೆಯ ಕೆಲಸಕ್ಕಾಗಿ ವಿದ್ಯುತ್ ನಿಲುಗಡೆಯಾಗುವ ಬಡಾವಣೆಗಳ ಹೆಸರನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಪತ್ರಿಕೆಗಳಲ್ಲಿ ಮೊದಲೇ ಪ್ರಕಟಿಸುತ್ತದೆ. ಹೇಳದೆ ಬರುವುದು ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ನಿಲುಗಡೆ. ಇನ್‌ವರ್ಟರಿನ ಲೆಕ್ಕವನ್ನು ಅಂಗಡಿಯವನ ಬಾಯಿಂದ ಕೇಳುವುದಕ್ಕಿಂತ ತಾವೇ ಹಾಕುವುದು ಮೇಲು. ಲ್ಯಾಪ್‌ಟಾಪಿಗೆ 60 ವ್ಯಾಟ್, ಪರದೆಗೆ 25, ರೌಟರಿಗೆ 12, ದೀಪಕ್ಕೆ 9, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನಿಗೆ 30 ಎಂದರೆ ಒಟ್ಟು 136 ವ್ಯಾಟ್. 12 ವೋಲ್ಟಿನ 150 ಆಂಪಿಯರ್–ಅವರ್ ಬ್ಯಾಟರಿಯಲ್ಲಿರುವುದು 1800 ವ್ಯಾಟ್–ಅವರ್. ನಷ್ಟವನ್ನೂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬುದನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು ಒಂದು ಸಾವಿರ. ಅಂದರೆ ಏಳು ತಾಸಿನ ಕೆಲಸ. ಹಳೆಯ ಮಾದರಿಯ ಫ್ಯಾನು ಒಂದೇ 75 ವ್ಯಾಟ್ ನುಂಗುವುದರಿಂದ, ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸುವುದು ಜಾಣತನ. ಇನ್‌ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಕೆಲವು ರೌಟರುಗಳು ಆರಿ ಮತ್ತೆ ಹೊತ್ತಿಕೊಳ್ಳಲು ಎರಡು ನಿಮಿಷ ತೆಗೆದುಕೊಳ್ಳುತ್ತವೆ. ಅದಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಹಾಕಿದರೆ ಸಭೆಯ ನಡುವೆ ಮಾಯವಾಗುವ ಮುಜುಗರ ತಪ್ಪುತ್ತದೆ. ಸೀಸ–ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುವುದರಿಂದ ಅದನ್ನು ಮುಚ್ಚಿದ ಕೋಣೆಯಲ್ಲಿ ಕಾಲಬುಡದಲ್ಲಿ ಇಟ್ಟುಕೊಳ್ಳಬಾರದು.

ಅಂತರ್ಜಾಲದ ತಂತಿಯನ್ನು ತಂದವನು ರೌಟರನ್ನು ಮುಂಬಾಗಿಲ ಪಕ್ಕ ಸಿಕ್ಕಿಸಿ ಹೋಗುತ್ತಾನೆ. ಲಕ್ಷ್ಮೀಪುರ, ಕೃಷ್ಣಮೂರ್ತಿಪುರದಂಥ ಹಳೆಯ ಬಡಾವಣೆಗಳ ದಪ್ಪ ಗೋಡೆಗಳನ್ನು ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸಿನ ವೈಫೈ ಸೊರಗುತ್ತದೆ. ರೌಟರಿನಿಂದ ಮೇಜಿನವರೆಗೆ ಕ್ಯಾಟ್ 6 ಎಂಬ ಅಂತರ್ಜಾಲದ ತಂತಿ ಎಳೆಸುವುದೇ ನಿಜವಾದ ಪರಿಹಾರ. ಕೆಂಪು ರೆಡ್ ಆಕ್ಸೈಡ್ ನೆಲವನ್ನು ಇದಕ್ಕಾಗಿ ಅಗೆಸಬೇಡಿ, ಆ ಬಣ್ಣಕ್ಕೆ ತೇಪೆ ಕೂರುವುದಿಲ್ಲ. ಗೋಡೆಯ ಬುಡದಲ್ಲಿ ಪ್ಲಾಸ್ಟಿಕ್ ಪಟ್ಟಿಯೊಳಗೆ ಒಯ್ಯಲಿ. ಅಂಥ ನೆಲ, ಬರಿಗೋಡೆಗಳ ಕೋಣೆಯಲ್ಲಿ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುವುದೂ ಉಂಟು. ಕಾಲಡಿಗೆ ಒಂದು ಜಮಖಾನೆ, ಎದುರು ಗೋಡೆಗೆ ತುಂಬಿದ ಪುಸ್ತಕದ ಕಪಾಟು, ಕಿಟಕಿಗೆ ದಪ್ಪ ಬಟ್ಟೆ ಇದ್ದರೆ ದನಿ ತಿಳಿಯಾಗುತ್ತದೆ.

ಡ್ರಾಯರುಗಳನ್ನು ಗಟ್ಟಿ ಮರದಲ್ಲಿ ಮಾಡಿಸಿದ್ದರೆ ಮೊದಲ ಮಳೆಗಾಲದಲ್ಲಿ ಅವು ಬಿಗಿಯುತ್ತವೆ. ಕೂಡಲೇ ಬಡಗಿಯನ್ನು ಕರೆದು ತೋಪಡ ಹಿಡಿಸಬೇಡಿ, ಮರ ಒಣಗಿದಾಗ ಸಂದು ಬಿಟ್ಟು ಲೊಟಲೊಟ ಎನ್ನತೊಡಗುತ್ತವೆ. ಸದ್ಯಕ್ಕೆ ಜಾರುವ ಅಂಚಿಗೆ ಮೇಣದ ಬತ್ತಿ ಉಜ್ಜಿ, ಸಂಕ್ರಾಂತಿ ಕಳೆದ ಮೇಲೂ ಬಿಗಿಯಾಗಿಯೇ ಇದ್ದರೆ ಆಗ ಹೇಳಿಕಳಿಸಿ.