ಗಾಳಿಗೆ ತಿರುಗುತ್ತಿದ್ದ ಕಯಾಕ್

ಐದು ಅಡಿ ಒಂದು ಇಂಚು ಎತ್ತರ, 48 ಕಿಲೋ ತೂಕದ ನಾನು ಅಮೆರಿಕದ ಸಿಯಾಟಲ್ ಬಳಿಯ ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚಿನಲ್ಲಿ ಮೊದಲು ಬಳಸಿದ್ದು 24 ಇಂಚು ಅಗಲದ ಟೂರಿಂಗ್ ಕಯಾಕ್, ಅಂದರೆ ದೂರ ಪಯಣಕ್ಕೆಂದು ಮಾಡಿದ, ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ. ಗಾಳಿ ಎದ್ದೊಡನೆ ಅದು ಮೂತಿಯನ್ನು ಗಾಳಿಯತ್ತಲೇ ತಿರುಗಿಸಿಕೊಳ್ಳುತ್ತಿತ್ತು. ದೋಷ ನನ್ನ ತೋಳುಗಳದ್ದೆಂದು ಒಂದು ಬೇಸಿಗೆಯಿಡೀ ನಂಬಿದ್ದೆ.

ನನಗಿಂತ ಬಹಳ ಭಾರವಾದವರನ್ನೂ ಅವರ ಸಾಮಾನನ್ನೂ ಹೊರಲೆಂದು ರೂಪಿಸಿದ ಆ ದೋಣಿ ನನ್ನ ತೂಕಕ್ಕೆ ಸಾಕಷ್ಟು ಮುಳುಗದೆ, ನೀರಿನ ಮೇಲೆ ಎತ್ತರಕ್ಕೆ ನಿಂತು ಗಾಳಿಗೆ ಮೈಯೊಡ್ಡುತ್ತಿತ್ತು. ಆಸನದ ಹಿಂದಿನ ಕೋಣೆಯಲ್ಲಿ ಐದೈದು ಲೀಟರಿನ ಎರಡು ನೀರಿನ ಚೀಲಗಳನ್ನು ಅಲುಗದಂತೆ ಕಟ್ಟಿಟ್ಟಾಗ ತಿರುಗುವುದು ಕಡಿಮೆಯಾಯಿತಾದರೂ, ತೊಡೆಗಳು ಮಾತ್ರ ಅವನ್ನು ಮೇಲಿನಿಂದ ಹಿಡಿದಿಡುವ ಆನಿಕೆಗೆ ತಾಗದೆ ತೇಲಾಡುತ್ತಿದ್ದವು.

ಕೊನೆಗೆ ಆರಿಸಿದ್ದು 21 ಇಂಚು ಅಗಲದ, ತಗ್ಗಿದ ಮೇಲ್ಮೈಯ, ಕಡಿಮೆ ಗಾತ್ರದ ಮಾದರಿ. ಅಂಗಡಿಯಲ್ಲಿ ಬಣ್ಣ ನೋಡುವುದನ್ನು ಬಿಟ್ಟು (ಮೊದಲ ಬಾರಿ ನೋಡಿದ್ದು ಅದನ್ನೇ), ಪಾದಗಳನ್ನು ಪೆಡಲಿಗೆ ಒತ್ತಿ ಕುಳಿತು, ತೊಡೆ ಆನಿಕೆಗೆ ತಾಗುವುದನ್ನೂ ಮೊಣಕೈ ಅಂಚಿಗೆ ಉಜ್ಜದಿರುವುದನ್ನೂ ಪರೀಕ್ಷಿಸಿದೆ. ಸೊಂಟದ ಎರಡೂ ಬದಿಗೆ ಬೆರಳಗಲದ ಫೋಮ್ ಅಂಟಿಸಿದೆ. 230 ಸೆಂಟಿಮೀಟರ್ ಹುಟ್ಟಿನ ಬದಲು 210ರದ್ದನ್ನು ಹಿಡಿದೆ. ಈಗ ಸೊಂಟ ಓರೆ ಮಾಡಿದರೆ ದೋಣಿಯೂ ಜೊತೆಗೇ ಓರೆಯಾಗುತ್ತದೆ.